ಅಭಿಮನ್ಯುವೂ ಲಾರಿ ಹತ್ತುತ್ತಾನೆ

ನಮ್ಮೂರಲ್ಲಿ ಸುಮ್ಮನೆ ನಡೆಯುವುದಕ್ಕೆ ಯಾರೂ ಬಿಡುವುದಿಲ್ಲ. ತಿತಿಮತಿ ಬಸ್ ಸ್ಟ್ಯಾಂಡಿನಿಂದ ಕೈಬೀಸಿಕೊಂಡು ನಾಲ್ಕು ಹೆಜ್ಜೆ ಹಾಕಿದರೆ ಸಾಕು, ಹಿಂದಿನಿಂದ ಒಂದು ಆಟೋ ಬಂದು ಪಕ್ಕದಲ್ಲೇ ನಿಲ್ಲುತ್ತದೆ. "ಏನ್ ರೈಟ್ರೇ, ಸ್ಕೂಟರ್ ಕೆಟ್ಟೋಯ್ತಾ?" ಇಲ್ಲಪ್ಪ, ಸುಮ್ನೆ ನಡೀತಿದ್ದೀನಿ ಅಂದರೆ ಅವನ ಮುಖ ಸಣ್ಣಗಾಗುತ್ತದೆ. "ಶುಗರ್ರಾ?" ಎಂದು ಮೆಲ್ಲಗೆ ಕೇಳುತ್ತಾನೆ. ಸಂಜೆಯೊಳಗೆ ನನಗೆ ಸಕ್ಕರೆ ಕಾಯಿಲೆ ಬಂದ ಸುದ್ದಿ ಗೋಣಿಕೊಪ್ಪ ಮುಟ್ಟಿರುತ್ತದೆ. ಇನ್ನು ಬೆಳಗಿನ ಆರಕ್ಕೆ ಮೊದಲು, ಸಂಜೆ ಆರರ ಮೇಲೆ ನಡೆಯಬೇಕೆಂದರೆ ಆಟೋದವನನ್ನಲ್ಲ, ಆನೆಯನ್ನು ಕೇಳಬೇಕು.

ಅಂದಹಾಗೆ, ರೈಟರ್ ಅಂದಕೂಡಲೇ ನನ್ನನ್ನು ಸಾಹಿತಿ ಎಂದುಕೊಳ್ಳಬೇಡಿ. ಕಾಫಿ ತೋಟದ ರೈಟರ್. ಮೂವತ್ತೆಂಟು ವರ್ಷ ಬರೆದದ್ದು ಹಾಜರಿ ಪುಸ್ತಕ ಒಂದೇ. ಅದರಲ್ಲೂ ಕಲ್ಪನೆಗೆ ಜಾಗವಿತ್ತು ಎಂದು ಧಣಿಗಳು ಹೇಳುತ್ತಿದ್ದರು, ಆ ಮಾತು ಈಗ ಬೇಡ.

ಇಂಥ ಊರಿಗೆ ಬೇಸಿಗೆಯಲ್ಲಿ ರಜೆಗೆಂದು ಬಂದ ನಮ್ಮಕ್ಕನ ಮಗಳು ಜಗುಲಿಯ ಮೇಲೆ ಕೂತು, ಕಾಫಿ ಲೋಟ ಕೆಳಗಿಟ್ಟು, "ಮಾವ, ಸೆಪ್ಟೆಂಬರಿನಲ್ಲಿ ಇನ್ನೂರು ಕಿಲೋಮೀಟರ್ ನಡೀಬೇಕು ಅಂತಿದ್ದೀನಿ" ಎಂದಳು. ಅವಳಿರುವುದು ಫ್ರಾನ್ಸಿನ ಟುಲೂಸಿನಲ್ಲಿ. ನನ್ನ ಹೆಂಡತಿ ಒಳಗಿನಿಂದಲೇ ಕೇಳಿದಳು: "ವಿಮಾನ ಮಾಡೋ ಊರಲ್ಲಿದ್ದುಕೊಂಡು ನಡೆಯೋ ಗತಿ ಯಾಕೆ ಬಂತು ನಿನಗೆ?"

ಗತಿ ಅಲ್ಲವಂತೆ, ಯಾತ್ರೆಯಂತೆ. ಲ ಪುಯಿ ಎಂದು ಒಂದು ಊರು. ಬೆಂಕಿಬೆಟ್ಟ ಆರಿಹೋಗಿ ಉಳಿದ ಕಲ್ಲುಕಂಬಗಳ ನೆತ್ತಿಯ ಮೇಲೆ ಚರ್ಚು ಕಟ್ಟಿಕೊಂಡಿರುವ ಊರು. 950ನೇ ಇಸವಿಯಲ್ಲಿ ಅಲ್ಲಿನ ಬಿಷಪ್ಪನೊಬ್ಬ, ಗೊಡೆಸ್ಕಾಲ್ ಎಂದು ಹೆಸರು, ಪರಿವಾರ ಕಟ್ಟಿಕೊಂಡು ಸ್ಪೇನಿನ ಸಾಂಟಿಯಾಗೋದಲ್ಲಿರುವ ಸಂತ ಯಾಕೋಬನ ಸಮಾಧಿಗೆ ಹೊರಟನಂತೆ. ಆ ದಾರಿ ಸುಮಾರು 1500 ಕಿಲೋಮೀಟರ್. ಸಾವಿರ ವರ್ಷದಿಂದ ಜನ ನಡೆಯುತ್ತಲೇ ಇದ್ದಾರೆ. ಫ್ರಾನ್ಸಿನೊಳಗಿನ ಈ ದಾರಿಗಳನ್ನು ಯುನೆಸ್ಕೊದವರು 1998ರಲ್ಲಿ ಪಟ್ಟಿಗೆ ಸೇರಿಸಿದರು. ಇವಳಿಗಿರುವುದು ಹತ್ತು ದಿನ ರಜೆ. ಹಾಗಾಗಿ ಕಾಂಕ್ ಎಂಬ ಊರಿನವರೆಗೆ ಮಾತ್ರ. ಅಲ್ಲಿರುವುದು ಸಂತ ಫೋಯ್ ಎಂಬ ಹುಡುಗಿಯ ಅವಶೇಷ. ಅದನ್ನು ಒಂಬತ್ತನೆಯ ಶತಮಾನದಲ್ಲಿ ಆಜಾನ್ ಎಂಬ ಬೇರೆ ಊರಿನಿಂದ ಕಾಂಕಿನ ಸನ್ಯಾಸಿಯೇ ಕದ್ದು ತಂದದ್ದಂತೆ. ಕದ್ದ ದೇವರಿಗೆ ಮಹಿಮೆ ಜಾಸ್ತಿ ಎಂಬುದು ಅಲ್ಲೂ ಗೊತ್ತಿದೆ ಅನ್ನಿ.

"ದಾರಿ ಗೊತ್ತಾಗೋದು ಹೇಗೆ?" ಎಂದೆ.

"ಮರದ ಮೇಲೆ, ಕಲ್ಲಿನ ಮೇಲೆ ಕೆಂಪು-ಬಿಳಿ ಪಟ್ಟಿ ಬಳಿದಿರ್ತಾರೆ ಮಾವ. ಅದನ್ನೇ ನೋಡ್ಕೊಂಡು ಹೋಗೋದು. ಪಟ್ಟಿ ಅಡ್ಡಡ್ಡ ಗುಣಿಸು ಹಾಕಿದ್ರೆ ದಾರಿ ತಪ್ಪಿದೆ ಅಂತ."

ಇದು ನನಗೆ ಸರಿಬರಲಿಲ್ಲ. ನಮ್ಮಲ್ಲಿ ರಸ್ತೆಬದಿಯ ಪ್ರತಿ ಮರಕ್ಕೂ ಕೆಂಪು-ಬಿಳಿ ಪಟ್ಟಿ ಇದೆ. ಅದನ್ನೇ ನಂಬಿ ನಡೆದವನು ಆನೆಚೌಕೂರು ದಾಟಿ ಹುಣಸೂರು ಸೇರುತ್ತಾನೆ, ಮೋಕ್ಷ ಸಿಗುವುದಿಲ್ಲ.

"ರಾತ್ರಿ ಎಲ್ಲಿರ್ತೀಯ?"

"ಜೀತ್‌ನಲ್ಲಿ."

ನಾನು ಕೂತಲ್ಲೇ ನೆಟ್ಟಗಾದೆ. "ಜೀತಕ್ಕಾ? ಅದನ್ನ 1976ರಲ್ಲೇ ಕಾನೂನು ಮಾಡಿ ನಿಲ್ಲಿಸಿದ್ದಾರೆ!" ತೋಟದ ರೈಟರನಿಗೆ ಆ ಕಾಯಿದೆಯ ಇಸವಿಯಾದರೂ ಬಾಯಿಪಾಠ ಇರಬೇಕಲ್ಲ. ಅವಳು ನಕ್ಕೂ ನಕ್ಕೂ ಹೇಳಿದಳು, ಜೀತ್ ಅಂದರೆ ಯಾತ್ರಿಕರು ತಂಗುವ ಮನೆ. ಒಂದು ಕೋಣೆಯಲ್ಲಿ ಆರೋ ಎಂಟೋ ಮಂಚ, ರಾತ್ರಿ ಎಲ್ಲರಿಗೂ ಒಂದೇ ಪಂಕ್ತಿಯಲ್ಲಿ ಊಟ, ಬೆಳಗ್ಗೆ ಬ್ರೆಡ್ಡು-ಕಾಫಿ. ಸೆಪ್ಟೆಂಬರಿನಲ್ಲಿ ಜನ ಜಾಸ್ತಿ, ಮುಂಚೆಯೇ ಫೋನ್ ಮಾಡಿ ಹಾಸಿಗೆ ಹಿಡಿದಿಟ್ಟುಕೊಳ್ಳಬೇಕು. ಯಾತ್ರಿಕರ ಕೈಯಲ್ಲೊಂದು ಪುಸ್ತಕ, ತಂಗಿದ ಕಡೆಯೆಲ್ಲ ಅದಕ್ಕೊಂದು ಮುದ್ರೆ. ಇದೊಂದು ನನಗೆ ಬಹಳ ಮೆಚ್ಚುಗೆಯಾಯಿತು. ಹಾಜರಿ ಪುಸ್ತಕವಿಲ್ಲದೆ ಪುಣ್ಯದ ಲೆಕ್ಕ ಯಾರಿಡುತ್ತಾರೆ?

ಚೀಲಕ್ಕೆ ಒಂದು ಕಡಲಚಿಪ್ಪು ಕಟ್ಟಿಕೊಳ್ಳುತ್ತಾರಂತೆ, ಯಾಕೋಬನ ಯಾತ್ರಿಕರ ಗುರುತು. "ಅಷ್ಟು ದೂರ ನಡೆಸಿ ಕೊನೆಗೆ ಕೈಗೆ ಚಿಪ್ಪು ಕೊಡೋದಾ?" ಎಂದಳು ನನ್ನ ಹೆಂಡತಿ.

ಆ ಸಂಜೆಗೆ ಊರಿಗೆಲ್ಲ ಗೊತ್ತಾಯಿತು. ತಿತಿಮತಿಯಲ್ಲಿ ಬೀಡಿಗೆ ಬೆಂಕಿ ಕೇಳಿದರೆ ಕೊಡುವವರು ಕಡಿಮೆ, ಬುದ್ಧಿ ಹೇಳುವವರು ಮನೆಗೇ ಬರುತ್ತಾರೆ. ಮೊದಲು ಬಂದವರು ಪಕ್ಕದ ಮನೆಯ ಕೊಡವ ಆಂಟಿ, ಸೀರೆಯ ಸೆರಗಿನಲ್ಲಿ ಕಾಚಂಪುಳಿ ಹುಳಿಯ ಬಾಟಲಿ. ಎಂಥ ಸಪ್ಪೆ ಅಡುಗೆಯೂ ಎರಡು ಹನಿಗೆ ದಾರಿಗೆ ಬರುತ್ತದೆಂದು ಅವರ ಭರವಸೆ. ಚಾದಂಗಡಿಯ ಕಾಕ ಬಂದು, "ಮೋಳೇ, ಯಾತ್ರೇಲಿ ಮೊದಲು ಕಳ್ಳನ ಕಣ್ಣು ಬೀಳೋದು ಚಪ್ಪಲಿ ಮೇಲೆ" ಎಂದು ಎರಡನೇ ಜೊತೆ ಚಪ್ಪಲಿಗೆ ಶಿಫಾರಸು ಮಾಡಿದರು, ಜೊತೆಗೊಂದು ಟಾರ್ಚು. ಹದಿನೆಂಟು ಸಲ ಶಬರಿಮಲೆ ಹತ್ತಿದ ಗುರುಸ್ವಾಮಿ ಬಂದು ಬರಿಗಾಲಿನ ಮಹಿಮೆ ಹೇಳಿದರು. ಎರುಮೇಲಿಯಿಂದ ಕರಿಮಲೆ ಹತ್ತಿಳಿಯುವ ಹಳೇ ದಾರಿಯಲ್ಲಿ ತಲೆ ಮೇಲೆ ಇರುಮುಡಿ ಬಿಟ್ಟರೆ ಏನೂ ಇರುವುದಿಲ್ಲ, ಮುಂದಿನ ಗಂಟು ದೇವರದ್ದು, ಹಿಂದಿನ ಗಂಟು ನಮ್ಮದು ಎಂದರು. ಬಂದದ್ದರಲ್ಲೆಲ್ಲ ಇದೊಂದೇ ಬುದ್ಧಿಮಾತು. ಆದರೆ ಹೋಗುವಾಗ ಅವರೂ ಒಂದು ಕಂಬಳಿ ಕೊಟ್ಟೇ ಹೋದರು. ಹುಣಸೂರಿನಿಂದ ನಮ್ಮಕ್ಕ ಫೋನಿನಲ್ಲೇ ಎರಡು ಸ್ವೆಟರ್ ಸೇರಿಸಿದಳು. ನನ್ನ ಹೆಂಡತಿ ಚಟ್ನಿಪುಡಿ, ನಿಂಬೆ ಉಪ್ಪಿನಕಾಯಿ, ಒಗ್ಗರಣೆ ಅವಲಕ್ಕಿ. ನಾನು ನನ್ನ ಪಾಲಿಗೆ ಒಂದು ಕೊಡೆ. ಕೊಡಗಿನವನು ಕೊಡೆ ಇಲ್ಲದೆ ಯಾರನ್ನೂ ಮನೆಯಿಂದ ಕಳಿಸುವುದಿಲ್ಲ, ಅದು ಸಂಸ್ಕಾರ.

ಆಮೇಲೆ ನನ್ನ ಸರದಿ. ಈ ಬೀದಿಯಲ್ಲಿ ಧರ್ಮಸ್ಥಳಕ್ಕೆ ನಡೆದುಹೋದವನು ನಾನೊಬ್ಬನೇ. ಶಿವರಾತ್ರಿ ಸಮಯದಲ್ಲಿ ಬೆಂಗಳೂರು, ಮಂಡ್ಯ, ಮೈಸೂರು, ಹಾಸನ ಎಲ್ಲ ಕಡೆಯಿಂದ ಸಾವಿರಾರು ಜನ ಬೇಲೂರು, ಮೂಡಿಗೆರೆ ಹಾದು ಚಾರ್ಮಾಡಿ ಘಾಟಿ ಇಳಿದು ಮಂಜುನಾಥನ ಹತ್ತಿರ ಹೋಗುತ್ತಾರಲ್ಲ, ಒಂದು ವರ್ಷ ಆ ಗುಂಪಿನಲ್ಲಿ ನಾನೂ ಇದ್ದೆ. ನಿಜ ಹೇಳಬೇಕೆಂದರೆ ನಮ್ಮದೇನು ಮಹಾ ನಡಿಗೆ. ವಿಜಯಪುರ, ಬಾಗಲಕೋಟೆ ಕಡೆಯವರು ಯುಗಾದಿಗೆ ನಲ್ಲಮಲ ಕಾಡು ದಾಟಿ ಶ್ರೀಶೈಲಕ್ಕೆ ನಡೆಯುತ್ತಾರೆ, ಹರಕೆ ಹೊತ್ತ ಕೆಲವರು ಮರಗಾಲು ಕಟ್ಟಿಕೊಂಡೇ. ಅವರ ಮುಂದೆ ನಾವೆಲ್ಲ ತೋಟದಲ್ಲಿ ರೌಂಡ್ಸ್ ಹೊಡೆದವರು. ಆದರೆ ಅವರ್ಯಾರೂ ತಿತಿಮತಿಯಲ್ಲಿ ಇಲ್ಲವಲ್ಲ. ಹಾಗಾಗಿ ನಾನೇ ಗುರು.

"ನೋಡು ಮಗಳೇ," ಎಂದು ಶುರುಮಾಡಿದೆ. "ಹೊಸ ಶೂ ಹಾಕ್ಕೊಂಡು ಹೊರಡಬೇಡ. ಎರಡು ತಿಂಗಳು ಮುಂಚೆ ತಗೋ, ಸಂಜೆ ಹೊತ್ತಲ್ಲಿ ತಗೋ. ನಡೆದು ನಡೆದು ಕಾಲು ಊದುತ್ತೆ, ಬೆಳಗ್ಗೆ ಸರಿಯಾಗಿದ್ದ ಶೂ ಮಧ್ಯಾಹ್ನಕ್ಕೆ ಕಚ್ಚುತ್ತೆ. ಅರ್ಧ ನಂಬರ್ ದೊಡ್ಡದೇ ಇರಲಿ. ಬೆರಳ ಸಂದಿಗೆ ಕೊಬ್ಬರಿ ಎಣ್ಣೆ. ಹಿಮ್ಮಡಿ ಎಲ್ಲಾದ್ರೂ ಬಿಸಿ ಬಿಸಿ ಅನಿಸ್ತಾ, ಅಲ್ಲೇ ಕೂತು ಟೇಪ್ ಅಂಟಿಸು. ಮುಂದಿನ ಊರಿಗೆ ಹೋಗಿ ನೋಡೋಣ ಅಂದ್ಯೋ, ಮೊದಲು ಕಾಲಲ್ಲಿ ಬೊಬ್ಬೆ, ಆಮೇಲೆ ಬಾಯಲ್ಲಿ ಬೊಬ್ಬೆ. ಘಾಟಿ ಹತ್ತೋದು ಎದೆಗೆ ಕಷ್ಟ, ಇಳಿಯೋದು ಹೆಬ್ಬೆರಳಿಗೆ ಕಷ್ಟ. ಹೊರಡೋ ಹಿಂದಿನ ದಿನ ಉಗುರು ಕತ್ತರಿಸು, ಇಳಿಯೋ ಮುಂಚೆ ಲೇಸು ಬಿಗಿ ಮಾಡು. ಇಲ್ಲದಿದ್ರೆ ಉಗುರು ಕಪ್ಪಾಗಿ ಉದುರುತ್ತೆ."

"ಊಟ ಮಾವ?"

ಅಲ್ಲಿ ನಾನು ಸ್ವಲ್ಪ ಮೈಮರೆತೆ. ಧರ್ಮಸ್ಥಳದ ದಾರಿಯಲ್ಲಿ ಊಟದ ಚಿಂತೆ ಮಾಡಿದವನು ಮೂರ್ಖ. ಮೈಲಿಗೊಂದು ಶಾಮಿಯಾನ. ಇಲ್ಲಿ ಮಜ್ಜಿಗೆ, ಅಲ್ಲಿ ಪಾನಕ, ಮುಂದೆ ಹೆಸರುಬೇಳೆ ಕೋಸಂಬರಿ, ಕಲ್ಲಂಗಡಿ ಹೋಳು, ಪುಳಿಯೋಗರೆ, ಮತ್ತೆ ಮಜ್ಜಿಗೆ. ಹೊಟ್ಟೆ ತುಂಬಿದೆ ಎನ್ನುವಂತಿಲ್ಲ, ಕೊಡುವವರು ಕಾಲಿಗೆ ಬೀಳುತ್ತಾರೆ. ನಿನ್ನೆಯವರೆಗೆ ತೋಟದ ಮೇಸ್ತ್ರಿಯಿಂದಲೂ ನಮಸ್ಕಾರ ಸಿಗದವನ ಕಾಲಿಗೆ ಯಾರೋ ಅಪರಿಚಿತರು ಬಿದ್ದಾಗ ಪುಳಿಯೋಗರೆ ಬೇಡ ಎನ್ನಲು ಬಾಯಿ ಬರುವುದಿಲ್ಲ. ರಾತ್ರಿ ಶಾಲೆಯ ಜಗುಲಿಯೋ ಕಲ್ಯಾಣ ಮಂಟಪವೋ ಸಿಗುತ್ತದೆ. ನಾನು ಹೊರಟಾಗ 68 ಕೆಜಿ ಇದ್ದೆ, ಬಂದಾಗ ಎಪ್ಪತ್ತಕ್ಕೆ ಸ್ವಲ್ಪ ಕಡಿಮೆ.

ಫ್ರಾನ್ಸಿನಲ್ಲಿ ಪಾನಕ ಕೊಡುವವರಿಲ್ಲ. ಹಳ್ಳಿಯಲ್ಲಿ ಅಂಗಡಿಯೇ ಅಪರೂಪ, ಇದ್ದದ್ದೂ ಮಧ್ಯಾಹ್ನ ಹನ್ನೆರಡಕ್ಕೆ ಮುಚ್ಚಿ ಎರಡರ ಮೇಲೆ ತೆಗೆಯುತ್ತದೆ. ಭಾನುವಾರ ಅರ್ಧದಿನ, ಸೋಮವಾರ ಅನೇಕ ಕಡೆ ಪೂರ್ತಿ ರಜೆ. ಆದ್ದರಿಂದ ಶನಿವಾರವೇ ಬ್ರೆಡ್ಡು, ಚೀಸು ಕಟ್ಟಿಟ್ಟುಕೊಳ್ಳಬೇಕು. ಅಂಗಡಿಗೆ ಕಾಲಿಡುವಾಗ ಮೊದಲು 'ಬೊಂಜೂರ್' ಎನ್ನಬೇಕು, ಅನ್ನದೆ ಸಾಮಾನು ಕೇಳಿದವರನ್ನು ಅವರು ಸಾಮಾನಿನ ಹಾಗೆಯೇ ನೋಡುತ್ತಾರಂತೆ. ಇನ್ನು ಕುಡಿಯುವ ನೀರು ಮುಗಿದರೆ?

"ಸ್ಮಶಾನಕ್ಕೆ ಹೋಗ್ಬೇಕು ಮಾವ."

ನನ್ನ ಹೆಂಡತಿ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. ಅಲ್ಲಿ ಪ್ರತಿ ಹಳ್ಳಿಯ ಸ್ಮಶಾನದಲ್ಲೂ ಸಮಾಧಿಯ ಹೂಗಿಡಕ್ಕೆ ಹಾಕಲು ಒಂದು ನಲ್ಲಿ ಇರುತ್ತದಂತೆ, ಯಾತ್ರಿಕರು ಅಲ್ಲೇ ಬಾಟಲಿ ತುಂಬಿಸಿಕೊಳ್ಳುತ್ತಾರಂತೆ. "ನಿನ್ನ ಅಮ್ಮನಿಗೆ ಇದನ್ನ ಹೇಳಿದೀಯಾ?" ಎಂದು ಕೇಳಿದಳು. ಹೇಳಿರಲಿಲ್ಲ.

ಇನ್ನೊಂದು ವಿಷಯ ಹೇಳಿದಳು. ಜೀತಿನ ಬಾಗಿಲಲ್ಲೇ ಶೂ ಬಿಡಬೇಕು, ಅದು ಸರಿ, ನಮ್ಮಲ್ಲೂ ಹಾಗೆಯೇ. ಆದರೆ ಎಷ್ಟೋ ಕಡೆ ಚೀಲವನ್ನೂ ಕೋಣೆಯೊಳಗೆ ಬಿಡುವುದಿಲ್ಲ, ಯಾಕೆಂದರೆ ತಿಗಣೆ. ಒಬ್ಬರ ಚೀಲದಿಂದ ಇನ್ನೊಬ್ಬರ ಹಾಸಿಗೆಗೆ ಯಾತ್ರೆ ಮಾಡುತ್ತದೆ. ಜಿಗಣೆಯಾಗಿದ್ದರೆ ನಾವು ಸುಣ್ಣ, ಉಪ್ಪು, ಹೊಗೆಸೊಪ್ಪು ಎಂದು ಸಾಲಾಗಿ ಔಷಧಿ ಹೇಳುತ್ತಿದ್ದೆವು. ತಿಗಣೆಯ ವಿಷಯದಲ್ಲಿ ಕೊಡಗಿನವರ ಜ್ಞಾನ ಹಳೇ ಸಿನಿಮಾ ಟಾಕೀಸಿನ ಕುರ್ಚಿಗೆ ಮುಗಿಯುತ್ತದೆ.

ಇಷ್ಟೆಲ್ಲ ಆದಮೇಲೆ ನಾನು ಕೈ ಒರೆಸಿಕೊಂಡು, "ಒಟ್ಟಿನಲ್ಲಿ ಮನಸ್ಸು ಗಟ್ಟಿ ಇರಬೇಕು, ನಾನು ಚಾರ್ಮಾಡಿ ಘಾಟಿ ಇಳಿಯೋವಾಗ..." ಎನ್ನುವಷ್ಟರಲ್ಲಿ ಒಳಗಿನಿಂದ ದನಿ ಬಂತು.

"ರೀ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಟೆಂಪೋ ಹತ್ತಿದ್ರಲ್ಲ, ಅದನ್ನೂ ಹೇಳಿ ಮಗೂಗೆ."

ಇಪ್ಪತ್ತೆರಡು ವರ್ಷ ಕಾಪಾಡಿಕೊಂಡು ಬಂದ ಮಾನ ಅದು. ನಿಜ, ನಮ್ಮ ತಂಡದ ಸಾಮಾನು ಸಾಗಿಸಲು ಒಂದು ಟೆಂಪೋ ಇತ್ತು. ಎಲ್ಲ ತಂಡಗಳಿಗೂ ಇರುತ್ತದೆ. ನಿಜ, ಘಾಟಿಯಷ್ಟೂ ದೂರ ನಾನು ಆ ಟೆಂಪೋದಲ್ಲಿ ಗ್ಯಾಸ್ ಸಿಲಿಂಡರ್ ತಬ್ಬಿಕೊಂಡು ಕೂತಿದ್ದೆ. ಎಡ ಹಿಮ್ಮಡಿಯಲ್ಲಿ ಎಂಟಾಣೆಯಗಲದ ಬೊಬ್ಬೆ. ಉಜಿರೆಯಲ್ಲಿ ಇಳಿದು ಮತ್ತೆ ನಡೆದೆನಲ್ಲ? ನೇತ್ರಾವತಿಯಲ್ಲಿ ಎಲ್ಲರ ಜೊತೆಗೇ ಮುಳುಗಿದೆನಲ್ಲ? ನದಿಯೇನು ಟಿಕೆಟ್ ಕೇಳಿತೇ?

"ಅಭಿಮನ್ಯುವನ್ನು ನೋಡು" ಎಂದೆ ಅಕ್ಕನ ಮಗಳಿಗೆ. ಅಭಿಮನ್ಯು ಅಂದರೆ ನಮ್ಮ ಮತ್ತಿಗೋಡು ಆನೆ ಶಿಬಿರದವನು. 2020ರಲ್ಲಿ ಮೈಸೂರು ದಸರಾದ ಚಿನ್ನದ ಅಂಬಾರಿ ಹೊರುವ ಕೆಲಸ ಅವನ ಬೆನ್ನಿಗೆ ಬಂತು. ಹಿಂದೆಲ್ಲ ಆನೆಗಳು ಕಾಡಿನಿಂದ ಮೈಸೂರಿಗೆ ನಡೆದೇ ಹೋಗುತ್ತಿದ್ದವು. ಈಗಲೂ ಗಜಪಯಣ ಎಂದೇ ಹೆಸರು. ಹುಣಸೂರಿನ ಹತ್ತಿರ ವೀರನಹೊಸಹಳ್ಳಿಯಲ್ಲಿ ಪೂಜೆ, ಪುಷ್ಪಾರ್ಚನೆ, ಮಂತ್ರಿಗಳ ಭಾಷಣ, ಫೋಟೋಗೆ ನಾಲ್ಕು ಹೆಜ್ಜೆ. ಆಮೇಲೆ? ಆಮೇಲೆ ಲಾರಿ! ಮೈಸೂರಿಗೆ ಹೋದಮೇಲೆ ವಿಶೇಷ ಆಹಾರ ತಿಂದು ನೂರಾರು ಕೆಜಿ ಮೈ ಬರಿಸಿಕೊಳ್ಳುತ್ತವೆ. ವೇ ಬ್ರಿಡ್ಜಿನ ಮೇಲೆ ನಿಲ್ಲಿಸಿ ತೂಕ ಮಾಡಿ ಪತ್ರಿಕೆಯಲ್ಲಿ ಹಾಕುತ್ತಾರೆ. ಲಾರಿಯಲ್ಲಿ ಹೋದ ಆನೆಯ ದಸರಾ ಲೆಕ್ಕಕ್ಕಿಲ್ಲ ಎಂದು ಯಾರಾದರೂ ಅಂದಿದ್ದಾರಾ? ತೂಕ ಹೆಚ್ಚಿಸಿಕೊಂಡದ್ದಕ್ಕೆ ಅದನ್ನು ಯಾರಾದರೂ ಆಡಿಕೊಂಡಿದ್ದಾರಾ?

ಹೆಂಡತಿ ಉತ್ತರ ಕೊಡಲಿಲ್ಲ. ನಾನು ಗೆದ್ದೆ ಎಂದುಕೊಂಡೆ.

ಮಾರನೆಯ ದಿನ ಚೀಲವನ್ನು ಹಲಸಿನ ಕೊಂಬೆಗೆ ಕಾಫಿ ಹಣ್ಣು ತೂಗುವ ಸ್ಪ್ರಿಂಗ್ ತಕ್ಕಡಿ ಕಟ್ಟಿ ನೇತುಹಾಕಿದೆವು. ಅವಳು ಟುಲೂಸಿನಿಂದ ಲೆಕ್ಕ ಹಾಕಿ ತಂದದ್ದು ಐದೂವರೆ ಕೆಜಿ. ಮುಳ್ಳು ಹದಿಮೂರಕ್ಕೆ ಹೋಗಿ ನಿಂತಿತ್ತು. ಹೊರೆ ಮೈತೂಕದ ಹತ್ತರಲ್ಲೊಂದು ಪಾಲು ಮೀರಬಾರದೆಂದು ಅಲ್ಲಿನ ಯಾತ್ರಿಕರ ನಿಯಮವಂತೆ. ಇವಳ ತೂಕ 55. ಸರಿಯಾಗಿ ಅದೇ ಹೊತ್ತಿಗೆ ಮತ್ತಿಗೋಡಿನ ನಿವೃತ್ತ ಮಾವುತರೊಬ್ಬರು ಗೇಟಿನಲ್ಲಿ ಬಂದರು. ಬುದ್ಧಿ ಹೇಳುವುದಕ್ಕಲ್ಲ, ನನ್ನಿಂದ ಬರಬೇಕಿದ್ದ ಇನ್ನೂರು ರೂಪಾಯಿಗೆ. ತಕ್ಕಡಿಯನ್ನೂ ಹುಡುಗಿಯನ್ನೂ ಒಂದೊಂದು ಸಲ ನೋಡಿ ಅವರು ಕೇಳಿದರು:

"ಅಂಬಾರಿ ತೂಕ ಎಷ್ಟು ಗೊತ್ತಾ ರೈಟ್ರೇ?"

750 ಕೆಜಿ, ಇದು ನಮ್ಮೂರ ಮಕ್ಕಳಿಗೂ ಗೊತ್ತು. ಅಭಿಮನ್ಯು ಐದು ಸಾವಿರ ದಾಟಿದವನು. ಅಂದರೆ ನೂರಕ್ಕೆ ಹದಿನೈದು. ಅದೂ ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು ಐದು ಕಿಲೋಮೀಟರಿಗೆ. ನಮ್ಮ ಹುಡುಗಿಗೆ ನಾವು ಹೊರಿಸಿದ್ದು ನೂರಕ್ಕೆ ಇಪ್ಪತ್ತನಾಲ್ಕು, ಇನ್ನೂರು ಕಿಲೋಮೀಟರಿಗೆ.

"ಆನೆಗೂ ಒಂದೇ ದಿನ ಅಂಬಾರಿ ಕಟ್ಟಲ್ಲ" ಎಂದರು ಮಾವುತರು. "ಮೊದಲು ಬರಿಮೈಲಿ ನಡೆಸ್ತೀವಿ. ಆಮೇಲೆ ಮರಳು ಮೂಟೆ, ಸ್ವಲ್ಪ ಸ್ವಲ್ಪ ಏರಿಸ್ಕೊಂಡು. ಆಮೇಲೆ ಮರದ ಅಂಬಾರಿ. ಕಾಲು ಮಾತ್ರ ದಿನಾ ಸಂಜೆ ನೋಡ್ಬೇಕು. ಉಗುರ ಸಂದೀಲಿ ಕಲ್ಲಿದೆಯಾ, ಪಾದ ಒಡೆದಿದೆಯಾ. ನೋಡದೆ ಮಾವುತ ಊಟಕ್ಕೆ ಕೂರಬಾರದು." ಅವಳನ್ನು ಮೆಟ್ಟಿಲ ಮೇಲೆ ಕೂರಿಸಿ, ಶೂ ಬಿಚ್ಚಿಸಿ, ಪಾದವನ್ನು ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ಹಿಮ್ಮಡಿಯನ್ನು ಒಂದೊಂದೇ ಕಡೆ ಒತ್ತಿ ನೋಡಿದರು. ಮೂವತ್ತು ವರ್ಷ ಮಂಕರಿಯಗಲದ ಪಾದ ಹಿಡಿದ ಕೈಯಲ್ಲಿ ಅವಳದ್ದು ಹಲಸಿನ ಬೀಜದಷ್ಟು ಕಾಣುತ್ತಿತ್ತು. "ಇಲ್ಲಿ ಬರುತ್ತೆ" ಎಂದರು, ಎಡಗಾಲಿನ ಕಿರುಬೆರಳ ಬುಡ ತೋರಿಸಿ. ಶೂವನ್ನು ಬೆಳಕಿಗೆ ಹಿಡಿದು ಒಳಗಿನ ಹೊಲಿಗೆ ತೋರಿಸಿದರು. ದಾರ ಒಂದು ಕಡೆ ಗಂಟಾಗಿತ್ತು.

ಇನ್ನೂರು ರೂಪಾಯಿ ಕೊಟ್ಟುಬಿಟ್ಟೆ.

ಅವಳು ಮಾವುತರ ಮಾತನ್ನೇ ಹಿಡಿದಳು. ಮರಳಿನ ಬದಲು ಅಕ್ಕಿ. ಮೊದಲ ದಿನ ಎರಡು ಕೆಜಿ, ಆಮೇಲೆ ಮೂರು, ಆಮೇಲೆ ನಾಲ್ಕು. ಬೆಳಗ್ಗೆ ಬೇಗ ಹೊರಡಬೇಕೆಂಬುದು ಲೋಕದ ಎಲ್ಲ ಯಾತ್ರಿಕರ ನಿಯಮವಾದರೂ ತಿತಿಮತಿಯಲ್ಲಿ ಎಂಟರ ಮೇಲೆ ಹೊರಟಳು, ತೋಟದಲ್ಲಿ ಆನೆ ಇಲ್ಲವೆಂದು ಮೊಬೈಲಿಗೆ ಮೆಸೇಜು ಬಂದಮೇಲೆ. ಮೊದಲ ದಿನವೇ ಮೂರು ಆಟೋ, ಒಂದು ಜೀಪು, ಒಂದು ಹಾಲಿನ ಗಾಡಿ ನಿಂತವು. ಎಲ್ಲರಿಗೂ ಒಂದೇ ಪ್ರಶ್ನೆ: ಮನೆಯಲ್ಲಿ ಜಗಳವಾ? ಚೀಲದಲ್ಲಿ ಅಕ್ಕಿ ಇದೆ ಎಂದು ಇವಳು ಹೇಳಿದ್ದರಿಂದ, ರೈಟರ ಮನೆಯಲ್ಲಿ ಹುಡುಗಿಗೆ ಅನ್ನ ಹಾಕುತ್ತಿಲ್ಲ ಎಂದೂ ಮಾತಾಯಿತು.

ಕೊನೆಗೆ ಚೀಲದಲ್ಲಿ ಉಳಿದದ್ದು ಇಷ್ಟು: ಹಾಕಿಕೊಂಡದ್ದು ಬಿಟ್ಟು ಒಂದೇ ಜೊತೆ ಬಟ್ಟೆ, ಮಲಗಲು ತೆಳು ರೇಷ್ಮೆ ಚೀಲ, ಮಳೆಗೆ ಚೀಲವನ್ನೂ ಸೇರಿಸಿ ಮುಚ್ಚುವ ಒಂದು ಪ್ಲಾಸ್ಟಿಕ್ ಕೊಪ್ಪೆ, ಸೂಜಿ, ದಾರ, ಟೇಪು, ಅರ್ಧ ಸೋಪು. ಕಾಚಂಪುಳಿ ಕಣ್ಣಿನ ಔಷಧಿಯ ಖಾಲಿ ಬಾಟಲಿಗೆ ಇಳಿಯಿತು. ಚಟ್ನಿಪುಡಿ ಒಂದು ಮುಷ್ಟಿ. ಕೊಡೆ ಗೋಡೆಯ ಮೊಳೆಗೆ ವಾಪಸಾಯಿತು. ನಾನು ಎರಡು ದಿನ ಮಾತಾಡಲಿಲ್ಲ.

ಸೆಪ್ಟೆಂಬರ್ ಬಂತು. ಮೈಸೂರಿನಲ್ಲಿ ಅಭಿಮನ್ಯುವಿಗೆ ತಾಲೀಮು, ಲ ಪುಯಿಯಲ್ಲಿ ಇವಳಿಗೆ ಮುಹೂರ್ತ. ಬೆಳಗ್ಗೆ ಏಳಕ್ಕೆ ಚರ್ಚಿನಲ್ಲಿ ಪೂಜೆ ಮುಗಿದಮೇಲೆ ನೆಲದಲ್ಲೇ ಒಂದು ಬಾಗಿಲು ತೆಗೆಯುತ್ತಾರಂತೆ. ದೇವರ ಮುಂದಿನಿಂದ ಮೆಟ್ಟಿಲಿಳಿದು ನೇರ ಬೀದಿಗೆ. ಎರಡನೆಯ ದಿನ ಫೋನ್ ಮಾಡಿ, "ಮಾವ, ಇಲ್ಲೂ ಒಂದು ಚಾರ್ಮಾಡಿ ಇದೆ" ಎಂದಳು. ಮೊನಿಸ್ತ್ರೋಲ್ ಎಂಬ ಊರಿಗೆ ಕಡಿದಾದ ಇಳಿಜಾರು, ಇಳಿದಷ್ಟನ್ನೂ ಮತ್ತೆ ಹತ್ತಬೇಕು. ಉಗುರು ಕತ್ತರಿಸಿದ್ದಳು, ಲೇಸು ಬಿಗಿದಿದ್ದಳು, ಹೆಬ್ಬೆರಳು ಬದುಕಿತು. ಬೊಬ್ಬೆ ಬಂದದ್ದು ಎಡಗಾಲಿನ ಕಿರುಬೆರಳ ಬುಡಕ್ಕೆ.

ಓಬ್ರಾಕ್ ಎಂಬ ಎತ್ತರದ ಬಯಲು ಸೇರಿದಮೇಲೆ ಅವಳ ದನಿಯೇ ಬೇರೆಯಾಯಿತು. ಮರವಿಲ್ಲದ ಹುಲ್ಲುಗಾವಲು, ಕಲ್ಲಿನ ಪೌಳಿ, ಕಣ್ಣಿಗೆ ಕಾಡಿಗೆ ಹಚ್ಚಿದಂತಿರುವ ಕಂದು ಹಸುಗಳು. ರಾತ್ರಿ ಊಟಕ್ಕೆ ಅಲಿಗೊ ಎಂದು ಕೊಟ್ಟರಂತೆ. ಬೆಂದ ಆಲೂಗಡ್ಡೆಗೆ ಎಳೆ ಚೀಸು, ಬೆಳ್ಳುಳ್ಳಿ ಹಾಕಿ ನಮ್ಮಲ್ಲಿ ಮುದ್ದೆ ತಿರುವಿದ ಹಾಗೆ ಕೋಲಿನಿಂದ ತಿರುವುತ್ತಾರೆ. ಎತ್ತಿದರೆ ಮೊಳದುದ್ದ ಎಳೆ ಬರುತ್ತದೆ. ಅದರ ಮೇಲೆ ಇವಳು ಚಟ್ನಿಪುಡಿ ಉದುರಿಸಿದಳು. ಪಕ್ಕದ ಮುದುಕ ಕೈಚಾಚಿದ, ಅವನ ಪಕ್ಕದವಳು ಕೈಚಾಚಿದಳು, ಒಂದು ಮುಷ್ಟಿ ಪುಡಿ ಒಂದೇ ಪಂಕ್ತಿಗೆ ಮುಗಿಯಿತು. ಈ ಸುದ್ದಿ ಕೇಳಿ ನನ್ನ ಹೆಂಡತಿ ಮೂರು ದಿನ ನನ್ನನ್ನು ದುರುಗುಟ್ಟಿ ನೋಡಿದಳು, ಕಾಲು ಕೆಜಿಗೆ ಅಡ್ಡ ಬಂದವನು ನಾನೇ ಎಂಬಂತೆ.

ಏಳನೆಯ ದಿನ ಮತ್ತೆ ಫೋನು. ದನಿ ಸ್ವಲ್ಪ ತಗ್ಗಿತ್ತು.

"ಮಾವ, ಇಲ್ಲಿ ಚೀಲ ಸಾಗಿಸೋ ಗಾಡಿ ಇದೆ. ಬೆಳಗ್ಗೆ ಬಾಗಿಲಲ್ಲಿ ಇಟ್ಟರೆ ಮುಂದಿನ ಜೀತಿಗೆ ಮುಟ್ಟಿಸ್ತಾರೆ. ನಿನ್ನೆ ಕೊಟ್ಟು ಕಳಿಸಿದೆ."

"ಅದರಲ್ಲೇನು ತಪ್ಪು? ನಮ್ಮ ಟೆಂಪೋ ಇದ್ದ ಹಾಗೆ."

ಒಂದು ಗಳಿಗೆ ಸುಮ್ಮನಿದ್ದಳು. "ಹೊರಗೆ ಭಾರಿ ಮಳೆ ಇತ್ತು ಮಾವ. ಗಾಡೀಲಿ ಮುಂದುಗಡೆ ಒಂದು ಸೀಟೂ ಖಾಲಿ ಇತ್ತು."

ನಾನು ಆಚೀಚೆ ನೋಡಿ, ಫೋನಿಗೆ ಕೈ ಅಡ್ಡ ಹಿಡಿದು ಮೆಲ್ಲಗೆ ಹೇಳಿದೆ: "ಆಯ್ತು ಬಿಡು. ನಿಮ್ಮತ್ತೆಗೆ ಮಾತ್ರ ಹೇಳ್ಬೇಡ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಆಗ ನೋಡಿದೆ, ಫೋನು ಸ್ಪೀಕರಿನಲ್ಲಿತ್ತು.